ಈ ಕಡೆ ತಿರುಗಿ

ನನ್ನ ಗಂಡ ಅಳುವುದಕ್ಕೆ ಹೆಸರಾದವನು. ಭಾನುವಾರ ಚರ್ಚಿನ ಆರಾಧನೆಯಲ್ಲಿ ತನ್ನ ನಂಬಿಕೆಯ ಸಾಕ್ಷಿ ಹೇಳಲು ಎದ್ದು ನಿಂತರೆ, ಯೇಸುವಿಗೆ ಹೇಳುವ ‘ಕುರಿಮರಿ’ ಎಂಬ ಮಾತು ಬಾಯಿಗೆ ಬಂದೊಡನೆ ಕರವಸ್ತ್ರ ಹೊರಬರುತ್ತಿತ್ತು. ಒಂದು ವಾರವೂ ತಪ್ಪಿದ್ದಿಲ್ಲ. ಸಭೆಯ ಮಕ್ಕಳು ಬೆನ್ನ ಹಿಂದೆ ಅವನನ್ನು ಕುರಿಮರಿ ಮಾಮ ಎನ್ನುತ್ತಿದ್ದವು. ದೊಡ್ಡವರು ಮಾತ್ರ ಮೂಗು ಒರೆಸಿಕೊಳ್ಳುತ್ತಾ, “ಎಂಥ ಮೃದು ಮನಸ್ಸು ನಿಮ್ಮ ಯಜಮಾನ್ರದ್ದು” ಎಂದು ನನ್ನ ಕೈ ಹಿಡಿದು ಹೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಆ ಮೃದು ಮನಸ್ಸು ಏನು ಮಾಡಿತ್ತೆಂದು ನನಗೆ ಗೊತ್ತಿತ್ತು.

ಅವನು ಆಸ್ಪತ್ರೆಗಳ ಬಟ್ಟೆ ಒಗೆಯುವ ಒಂದು ಕಾರ್ಖಾನೆಯಲ್ಲಿ ಮೇಸ್ತ್ರಿ. ಅವನ ತಮ್ಮ, ಅಂದರೆ ನನ್ನ ಮೈದುನ, ಅಲ್ಲೇ ಯಂತ್ರ ರಿಪೇರಿ ಮಾಡುತ್ತಿದ್ದ. ಒಗೆದ ಹಾಸುಬಟ್ಟೆಗಳನ್ನು ಕಾದ ಉರುಳೆಗಳ ನಡುವೆ ಬಿಟ್ಟು ಇಸ್ತ್ರಿ ಮಾಡುವ ಉದ್ದನೆಯ ಯಂತ್ರವೊಂದಿತ್ತು. ಅದರ ಬಾಯಿಯ ಹತ್ತಿರ ಒಂದು ಕಂಬಿ. ಕೈ ಆ ಕಂಬಿಗೆ ತಗುಲಿದರೆ ಯಂತ್ರ ಗಕ್ಕನೆ ನಿಲ್ಲಬೇಕು, ಅದಕ್ಕೇ ಇಟ್ಟದ್ದು. ಆದರೆ ಬಟ್ಟೆ ಮುದ್ದೆಯಾಗಿ ತಗುಲಿದರೂ ನಿಲ್ಲುತ್ತಿತ್ತು. ನನ್ನ ಗಂಡನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಒಂದು ಬೆಳಿಗ್ಗೆ ಸ್ಟೂಲ್ ಹತ್ತಿ ಕಂಬಿಯನ್ನು ಮೇಲಕ್ಕೆತ್ತಿ ತಂತಿಯಿಂದ ಬಿಗಿದುಬಿಟ್ಟ. ಆರನೆಯ ದಿನ ಇಸ್ತ್ರಿ ಯಂತ್ರಕ್ಕೆ ಬಟ್ಟೆ ಕೊಡುತ್ತಿದ್ದ ಹೆಂಗಸಿನ ಬಲಗೈ ಬಟ್ಟೆಯ ಜೊತೆಗೇ ಒಳಗೆ ಹೋಯಿತು. ಮೂರು ಬೆರಳು ಹೋದವು. ಅವಳನ್ನು ಎಲ್ಲರೂ ಇಸ್ತ್ರಿಯಾಕೆ ಎಂದೇ ಕರೆಯುತ್ತಿದ್ದರು.

ವಿಚಾರಣೆಗೆ ಜನ ಬರುವ ಹಿಂದಿನ ಸಂಜೆ, ನಮ್ಮ ಅಡುಗೆಮನೆಯಲ್ಲಿ ನನ್ನ ಗಂಡ ನೆಲದ ಮೇಲೆ ಕೂತು ತಮ್ಮನ ಕಾಲು ಹಿಡಿದುಕೊಂಡ.

“ನಿನಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ನಾನು ಒಳಗೆ ಹೋದ್ರೆ ಇವಳ ಗತಿ ಏನೋ? ರಿಪೇರಿ ಮಾಡೋವಾಗ ನಾನೇ ಕಟ್ಟಿದ್ದೆ, ಬಿಚ್ಚೋಕೆ ಮರೆತೆ ಅಂತ ಹೇಳು ಸಾಕು. ಬೈದು ಬಿಡ್ತಾರೆ.”

ಮೈದುನ ನನ್ನ ಮುಖ ನೋಡಿದ. ನಾನು ಒಲೆಯ ಮೇಲಿದ್ದ ಹಾಲನ್ನು ನೋಡುತ್ತಾ, “ಹೆಚ್ಚಂದ್ರೆ ಒಂದೆರಡು ತಿಂಗಳ ಮಾತು” ಎಂದೆ. ಹಾಲು ಉಕ್ಕುವ ಸೂಚನೆಯೇ ಇರಲಿಲ್ಲ.

ಬೈದು ಬಿಡಲಿಲ್ಲ. ಮೈದುನನಿಗೆ ಹದಿನಾಲ್ಕು ತಿಂಗಳು ಜೈಲಾಯಿತು.

ಮೊದಲ ತಿಂಗಳು ನನ್ನ ಗಂಡ ಊಟ ಸೇರದೆ ಒದ್ದಾಡಿದ. ಮದುವೆಗೂ ಮಣ್ಣಿಗೂ ಮಾತ್ರ ಚರ್ಚಿನ ಮೆಟ್ಟಿಲು ಹತ್ತುತ್ತಿದ್ದವನು ಒಂದು ಭಾನುವಾರ ತಾನಾಗಿ ಹೋಗಿಬಂದ. ನಾವು ಹೊರಬೇಕಾದ ದಂಡನೆಯನ್ನು ನಿರಪರಾಧಿಯೊಬ್ಬ ಹೊತ್ತ, ಅವನ ರಕ್ತದಿಂದ ನಮಗೆ ಬಿಡುಗಡೆ ಎಂದು ಪಾದ್ರಿ ಅಂದು ಬೋಧಿಸಿದ್ದರಂತೆ. ಮನೆಗೆ ಬಂದವನ ಮುಖ ಫಳಫಳ ಹೊಳೆಯುತ್ತಿತ್ತು. “ಎಲ್ಲಾ ಅರ್ಥ ಆಯ್ತು ಕಣೇ. ನನಗೋಸ್ಕರಾನೇ ಹೇಳಿದ ಹಾಗಿತ್ತು” ಎಂದು ಎರಡೆರಡು ಸಲ ಬಡಿಸಿಕೊಂಡು ಉಂಡ. ಅರ್ಥವಾಗದೆ ಏನು? ನಿರಪರಾಧಿಯೊಬ್ಬ ದಂಡನೆ ಹೊತ್ತದ್ದನ್ನು ಕಣ್ಣಾರೆ ಕಂಡವನು. ಹೊರಿಸಿದವನೂ ಅವನೇ.

ಅಂದಿನಿಂದ ಸಾಕ್ಷಿ ಹೇಳುವುದು ಶುರುವಾಯಿತು. “ನಾನು ಪಾಪಿ! ನನ್ನ ಶಿಕ್ಷೆಯನ್ನ ಇನ್ನೊಬ್ಬ ಹೊತ್ತ!” ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಅಕ್ಷರ ಅಕ್ಷರವೂ ನಿಜ. ಕೇಳಿದವರು ಶಿಲುಬೆಯ ಕಡೆ ನೋಡಿದರು, ಜೈಲಿನ ಕಡೆ ಯಾರೂ ನೋಡಲಿಲ್ಲ. ತಪ್ಪೊಪ್ಪಿಕೊಂಡ ನೆಮ್ಮದಿಯೂ ಸಿಕ್ಕಿತು, ಮೇಸ್ತ್ರಿಗಿರಿಯೂ ಉಳಿಯಿತು. ವರ್ಷ ತುಂಬುವುದರೊಳಗೆ ಅವನನ್ನು ಸಭೆಯ ಹಿರಿಯನನ್ನಾಗಿ ಆರಿಸಿದರು. ತಮ್ಮನನ್ನು ನೋಡಲು ಜೈಲಿಗೆ ಮಾತ್ರ ಒಮ್ಮೆಯೂ ಹೋಗಲಿಲ್ಲ. ಅಲ್ಲಿಯ ಗಾಳಿ ಅವನ ಎದೆಗೆ ಆಗುವುದಿಲ್ಲವಂತೆ.

ಇಸ್ತ್ರಿಯಾಕೆಯೂ ಅದೇ ಸಭೆಯವಳು. ಮೂರನೆಯ ಸಾಲಿನಲ್ಲಿ, ಬಲಗೈಯನ್ನು ಶಾಲಿನೊಳಗೆ ಮುಚ್ಚಿಕೊಂಡು ಕೂರುತ್ತಿದ್ದಳು. ನನ್ನ ಗಂಡ ಅಳುವಾಗ ಅವಳ ಕಣ್ಣು ಮಾತ್ರ ಒದ್ದೆಯಾಗುತ್ತಿರಲಿಲ್ಲ. ಹೃದಯ ಕಲ್ಲಾಗಿದೆ ಪಾಪ ಎಂದು ಪಕ್ಕದವರು ಮರುಗುತ್ತಿದ್ದರು.

ಮೈದುನ ಬಿಡುಗಡೆಯಾಗಿ ಮನೆಗೆ ಬಂದ. ಕೆನ್ನೆ ಒಳಕ್ಕೆ ಹೋಗಿತ್ತು, ಅಂಗಿ ಹೆಗಲ ಮೇಲೆ ನೇತುಹಾಕಿದ ಹಾಗಿತ್ತು. ಅವನು ಎರಡು ಗುಟುಕು ಚಹಾ ಕುಡಿಯುವಷ್ಟರಲ್ಲಿ ನನ್ನ ಗಂಡ ವಿಷಯ ಎತ್ತಿದ.

“ಈ ಭಾನುವಾರ ನಿನ್ನನ್ನ ಸಭೆ ಮುಂದೆ ನಿಲ್ಲಿಸ್ತೀನಿ. ಇಸ್ತ್ರಿಯಾಕೆ ಹತ್ರ ಕ್ಷಮೆ ಕೇಳು. ಪಾದ್ರಿಗಳಿಗೂ ಹೇಳಿದ್ದೀನಿ, ಬಹಳ ಖುಷಿಪಟ್ರು.”

“ಯಾವುದಕ್ಕೆ ಕ್ಷಮೆ?”

“ಅದೇ, ಆ ಕೈ ವಿಷಯ. ಸ್ವಲ್ಪ ಅತ್ತರೆ ಇನ್ನೂ ಒಳ್ಳೇದು.”

ಮೈದುನ ಲೋಟ ಕೆಳಗಿಟ್ಟ. “ಅಣ್ಣಾ, ಜೈಲಿಗೆ ಹೋಗು ಅಂದೆ, ಹೋದೆ. ಈಗ ಅಳೋದು ಬೇರೆ ಬಾಕಿ ಇದೆಯಾ?”

“ತ್ಯಾಗ ಅಂದ ಮೇಲೆ ಪೂರ್ತಿ ಮಾಡಬೇಕು ಕಣೋ. ಪ್ರಭು ಕಡೇ ತನಕ ಬಾಯಿ ಬಿಡಲಿಲ್ಲ.”

“ಪ್ರಭು ತಾನಾಗಿ ಹೋದ. ಅಡುಗೆಮನೇಲಿ ಕಾಲು ಹಿಡಿದು ಅವನನ್ನ ಯಾರೂ ಸಾಗಹಾಕಲಿಲ್ಲ. ಅವನನ್ನ ಶಿಲುಬೆಗೆ ಕಳಿಸಿಕೊಟ್ಟು ಬೋಗುಣಿ ತರಿಸಿ ಕೈ ತೊಳಕೊಂಡ ಅಧಿಕಾರಿ ಒಬ್ಬ ಇದ್ದ ಅಣ್ಣಾ. ಅವನನ್ನ ಯಾರೂ ಸಭೆ ಹಿರಿಯ ಅಂತ ಮಾಡಲಿಲ್ಲ.”

ನನ್ನ ಗಂಡ ನಕ್ಕ. “ಜೈಲಲ್ಲಿ ಮಾತು ಚೆನ್ನಾಗಿ ಕಲಿತಿದ್ದೀಯ” ಎಂದ.

ಆದರೂ ಭಾನುವಾರ ಮೈದುನ ನಮ್ಮ ಜೊತೆ ಬಂದ. ಯಾಕೆ ಎಂದು ದಾರಿಯಲ್ಲಿ ಕೇಳಿದೆ. “ಆ ಅಕ್ಕನ್ನ ಒಂದು ಸಲ ನೋಡಬೇಕು” ಎಂದ ಅಷ್ಟೇ.

ಪೀಠದ ಮುಂದೆ ಅವನನ್ನು ಒಂದು ಕಡೆ ನಿಲ್ಲಿಸಿದರು, ಇಸ್ತ್ರಿಯಾಕೆಯನ್ನು ಇನ್ನೊಂದು ಕಡೆ. ನನ್ನ ಗಂಡ ಕರವಸ್ತ್ರ ಸಿದ್ಧಮಾಡಿಕೊಂಡು ನಡುವೆ ನಿಂತಿದ್ದ. ಪಾದ್ರಿ ದನಿ ತಗ್ಗಿಸಿ ಕೇಳಿದರು: “ಸಹೋದರಿ, ಈ ಸಹೋದರನನ್ನು ಕ್ಷಮಿಸುತ್ತೀರಾ?”

“ಕ್ಷಮಿಸೋದಕ್ಕೆ ಇವನೇನು ಮಾಡಿದ?” ಎಂದಳು ಇಸ್ತ್ರಿಯಾಕೆ.

ಪಾದ್ರಿ ತಬ್ಬಿಬ್ಬಾದರು. ಅವಳು ಶಾಲು ಸರಿಸಿದಳು. ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ ಉಳಿದಿದ್ದ ಕೈ ಎಲ್ಲರಿಗೂ ಕಾಣಿಸಿತು.

“ಮೇಸ್ತ್ರಿಗಳು ಮೇಲೆ ಹತ್ತಿ ತಂತಿ ಕಟ್ಟೋವಾಗ ಬೀಳಬಾರದು ಅಂತ ಸ್ಟೂಲ್ ಹಿಡಕೊಂಡು ನಿಂತಿದ್ದವಳು ನಾನು. ಇದೇ ಕೈಲಿ. ಆಸ್ಪತ್ರೆಯಿಂದ ಬಂದ ಮೇಲೆ ವಿಚಾರಣೆಗೆ ಬಂದವರಿಗೂ ಸಭೆ ಹಿರಿಯರಿಗೂ ಹೇಳೋಕೆ ಹೋದೆ. ಒಪ್ಪಿಕೊಂಡವನು ಇದ್ದಾನಲ್ಲ, ನೋವಲ್ಲಿ ನಿನಗೆ ತಲೆ ಕೆಟ್ಟಿದೆ ಅಂದ್ರು. ಸರಿ, ಮೇಸ್ತ್ರಿಗಳೇ ಒಂದಿನ ಬಂದು ಹೇಳ್ತಾರೆ ಅಂತ ಕಾದೆ. ವಾರ ವಾರ ನನ್ನ ಕಣ್ಣೆದುರಿಗೇ ಅತ್ತರು. ದೇವರ ಹತ್ರ ಕ್ಷಮೆ ಕೇಳಿದ್ರು, ನಿಮ್ಮೆಲ್ಲರ ಹತ್ರ ಕೇಳಿದ್ರು. ಬೆರಳು ನಂದು.”

ಆಮೇಲೆ ಮೈದುನನ ಕಡೆ ನೋಡಿ, “ನಾನು ಇನ್ನೂ ಜೋರಾಗಿ ಕೂಗಬೇಕಿತ್ತು ತಮ್ಮಾ” ಎಂದಳು. ಅವನು ಹಾಗಲ್ಲ ಎಂಬಂತೆ ತಲೆ ಅಲ್ಲಾಡಿಸಿದ.

“ಇದು ಸೈತಾನನ ಪರೀಕ್ಷೆ” ಎಂದ ನನ್ನ ಗಂಡ.

ಇಸ್ತ್ರಿಯಾಕೆ ಸಾಲುಗಳ ನಡುವೆ ನನ್ನನ್ನು ಹುಡುಕಿದಳು. “ಅಕ್ಕಾ, ನಿಮಗೂ ಗೊತ್ತಿತ್ತಾ?”

ಇಡೀ ಸಭೆ ನನ್ನ ಕಡೆ ಹೊರಳಿತು. ಇಲ್ಲ ಎನ್ನುವುದು ಸುಲಭವಿತ್ತು, ಅಭ್ಯಾಸವೂ ಇತ್ತು. ಎದ್ದು ನಿಂತೆ.

“ಗೊತ್ತಿತ್ತು. ಇವರು ಕಾಲು ಹಿಡಿದಾಗ ನಾನೂ ಅಲ್ಲೇ ಇದ್ದೆ.”

ನನ್ನ ಗಂಡ ಧೊಪ್ಪನೆ ಮೊಣಕಾಲೂರಿದ, ಶಿಲುಬೆಯ ಕಡೆಗೆ ಮುಖಮಾಡಿ, ಎರಡೂ ಕೈ ಮೇಲೆತ್ತಿ. “ಪ್ರಭುವೇ, ಈ ಪಾಪಿಯನ್ನು...”

“ಆ ಕಡೆ ಅಲ್ಲ ಮೇಸ್ತ್ರಿಗಳೇ. ಈ ಕಡೆ ತಿರುಗಿ” ಎಂದಳು ಇಸ್ತ್ರಿಯಾಕೆ.

ಅವನು ತಿರುಗಲಿಲ್ಲ. ದೇವರಿಗಾದರೆ ಬೆರಳಿಲ್ಲದ ಕೈ ತೋರಿಸಿ ಮಾತಾಡುವ ಅಭ್ಯಾಸವಿಲ್ಲ, ಅದೇ ಅವನಿಗೆ ಅನುಕೂಲವಾಗಿತ್ತು. ಪಾದ್ರಿ ಗಡಿಬಿಡಿಯಿಂದ ಯಾವುದೋ ಕೀರ್ತನೆಯ ಸಂಖ್ಯೆ ಹೇಳಿದರು. ಯಾರೂ ಹಾಡಲಿಲ್ಲ.

ಮೈದುನ ಅಂದೇ ಚೀಲ ಎತ್ತಿಕೊಂಡು ಹೊರಟುಹೋದ. ನನ್ನ ಗಂಡ “ಪ್ರಾರ್ಥನೆ ಮಾಡಿ ತೀರ್ಮಾನಕ್ಕೆ ಬರ್ತೀನಿ” ಎಂದು ಕೋಣೆಯ ಬಾಗಿಲು ಹಾಕಿಕೊಂಡ. ನಾಲ್ಕು ದಿನವಾದರೂ ತೀರ್ಮಾನ ಬರಲಿಲ್ಲ, ಹೊತ್ತು ಹೊತ್ತಿಗೆ ಅವನು ಮಾತ್ರ ಊಟಕ್ಕೆ ಬಂದ. ಸಭೆಯ ಹಿರಿಯರು ಬಂದು, ಮನೆಯೊಳಗಿನದು ಮನೆಯೊಳಗೇ ಇರಲಿ, ದೇವರ ಹೆಸರಿಗೆ ಮಸಿ ಬಳಿಯಬೇಡಿ ಎಂದು ನನಗೆ ಬುದ್ಧಿ ಹೇಳಿದರು. ದೇವರ ಹೆಸರಿನ ಚಿಂತೆ ಅವರಿಗೆ ಹದಿನಾಲ್ಕು ತಿಂಗಳು ಇರಲಿಲ್ಲ. ಐದನೆಯ ದಿನ ನಾನು ಇಸ್ತ್ರಿಯಾಕೆಯನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋದೆ.

“ಸ್ವಂತ ಗಂಡನ ಮೇಲೆ ದೂರಾ?” ಎಂದು ಅಲ್ಲಿದ್ದವನು ಎರಡು ಸಲ ಕೇಳಿದ.

“ನನ್ನ ಹೆಸರೂ ಬರಕೊಳ್ಳಿ” ಎಂದೆ.

ಮೊಕದ್ದಮೆ ಮತ್ತೆ ನಡೆಯಿತು. ಮೈದುನನ ಮೇಲಿದ್ದ ಅಪರಾಧ ತೆಗೆದುಹಾಕಿದರು. ನನ್ನನ್ನು ಎಚ್ಚರಿಕೆ ಕೊಟ್ಟು ಬಿಟ್ಟರು, ಗಂಡನಿಗೆ ಎರಡು ವರ್ಷವಾಯಿತು. ಏಳನೆಯ ತಿಂಗಳು ಅವನು ಜೈಲಿನಿಂದ ಇಸ್ತ್ರಿಯಾಕೆಗೆ ಒಂದು ಕಾಗದ ಬರೆದ. ಅವಳು ನನಗೆ ಓದಿ ತೋರಿಸಿದಳು: ‘ತಂತಿ ಕಟ್ಟಿದ್ದು ನಾನು. ನಿಮ್ಮನ್ನು ನೋಡಿಯೂ ನೋಡದ ಹಾಗೆ ನಿಂತಿದ್ದು ನಾನು. ಕ್ಷಮಿಸಿ ಎಂದು ನಿಮ್ಮನ್ನು ಕೇಳುತ್ತಿದ್ದೇನೆ.’ ಪ್ರಭುವಿನ ಹೆಸರು ಒಂದು ಕಡೆಯೂ ಇರಲಿಲ್ಲ. ಅವನು ಬರೆದದ್ದರಲ್ಲಿ ಪ್ರಾರ್ಥನೆಯಂತೆ ನನಗೆ ಕೇಳಿಸಿದ್ದು ಅದೊಂದೇ.

“ಕ್ಷಮಿಸ್ತೀಯಾ?” ಎಂದೆ.

“ಈಗ ತಾನೇ ಕೇಳಿದಾರೆ. ಯೋಚನೆ ಮಾಡೋಕೆ ನನಗೂ ಟೈಮ್ ಬೇಡವಾ?” ಎಂದಳು.

ಮೈದುನ ಈಗ ಒಂದು ಸೈಕಲ್ ಅಂಗಡಿಯಲ್ಲಿದ್ದಾನೆ. ಮೊದಲ ಸಲ ಹೋದಾಗ ಬಾಗಿಲಲ್ಲೇ ನಿಂತು ಹೇಳಬೇಕಾದ್ದನ್ನು ಹೇಳಿದೆ, ಅವನ ಮುಖ ನೋಡಿಕೊಂಡೇ. ಅವನು ಚಕ್ರ ತಿರುಗಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡ.

“ಸಿಟ್ಟು ಇನ್ನೂ ಇದೆ ಅತ್ತಿಗೆ, ಸುಳ್ಳು ಹೇಳಲ್ಲ. ಆದ್ರೆ ಬರೋದು ಬಿಡಬೇಡಿ” ಎಂದ.

ಬಿಟ್ಟಿಲ್ಲ.