ಅರ್ಧಕ್ಕೆ ನಿಂತ ಸಾಲು

ಅರಸೀಕೆರೆಯ ಕಾಲೇಜೊಂದರಲ್ಲಿ ಲೈಬ್ರರಿಯನ್ ಆಗಿದ್ದ ಲತಾಮಣಿಗೆ ಲ್ಯಾಟಿನ್ ಭಾಷೆ ಸುತರಾಂ ಬರುತ್ತಿರಲಿಲ್ಲ. ಅದು ಅವಳೊಬ್ಬಳಿಗೇ ಗೊತ್ತಿದ್ದ ಗುಟ್ಟು. ಕಾಲೇಜಿನ ಮಕ್ಕಳೆಲ್ಲ ಆಕೆಯನ್ನು ಲ್ಯಾಟಿನ್ ಅರೆದು ಕುಡಿದವಳೆಂದೇ ನಂಬಿದ್ದರು.

ಹನ್ನೆರಡು ವರ್ಷದ ಕೆಳಗೆ ಯಾರೋ ದಾನ ಕೊಟ್ಟ ಪುಸ್ತಕಗಳ ಮೂಟೆಯಲ್ಲಿ ಕೆಂಪು ರಟ್ಟಿನ ರೋಮನ್ ಮಹಾಕಾವ್ಯವೊಂದು ಬಂದಿತ್ತು. ಹಿಂದಿನ ಕಾಲದಲ್ಲಿ ಜನ ಕಣ್ಣುಮುಚ್ಚಿ ಅದರ ಪುಟ ತೆರೆದು, ಬೆರಳು ಬಿದ್ದ ಸಾಲನ್ನೇ ಭವಿಷ್ಯವೆಂದು ತಿಳಿಯುತ್ತಿದ್ದರಂತೆ. ಹಾಗೆಂದು ಅವಳು ಎಲ್ಲೋ ಓದಿದ್ದಳು. ಡಿಗ್ರಿ ಮುಗಿಸಿ "ಮುಂದೇನ್ ಮಾಡ್ಲಿ ಮೇಡಂ?" ಎಂದು ಬರುವ ಮಕ್ಕಳು ಅವಳ ಬುದ್ಧಿಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಅದೇ ಮಾತನ್ನು ಎರಡು ಸಾವಿರ ವರ್ಷದ ಕಾವ್ಯ ಹೇಳಿದರೆ ಕೇಳದೆ ಏನು ಮಾಡಿಯಾರು? ಲತಾಮಣಿ ಬುರುಡೆ ಬಿಡಲು ಶುರು ಮಾಡಿದಳು.

ಮಕ್ಕಳು ಬೆರಳಿಡುತ್ತಿದ್ದರು. ಅವಳು ಕನ್ನಡಕ ಏರಿಸಿ, ತುಟಿ ಕುಣಿಸಿ, ಆ ಮಗುವಿಗೆ ಯಾವುದು ಒಳ್ಳೆಯದೆಂದು ತನಗೆ ತೋಚುತ್ತಿತ್ತೋ ಅದನ್ನೇ ಅರ್ಥವೆಂದು ಹೇಳುತ್ತಿದ್ದಳು. ಆಮೇಲೆ ಅಂಚಿನಲ್ಲಿ ಪೆನ್ಸಿಲಿನಿಂದ ಹೆಸರು ಬರೆದಿಡುತ್ತಿದ್ದಳು. ಬೇರೆಯವರು ಪುಸ್ತಕದಲ್ಲಿ ಗೀಚಿದರೆ ದಂಡ ಹಾಕುವ ಹೆಂಗಸು! ಬಾಯಿ ಮುಚ್ಚದ ಉಗ್ರಪ್ಪನಿಗೆ "ಕಲ್ಲುಗಳ ನಡುವೆ ನಿಂತು ಮಾತಾಡುವೆ" ಎಂದಳು. ಅವನು ಹಳೇಬೀಡಿನಲ್ಲಿ ಗೈಡ್ ಆದ. ಚಿತ್ರ ಬರೆಯುವ ಹುಚ್ಚಿನ ಶಿಲ್ಪಾಗೆ "ನೋವಿನವರ ತಲೆದೆಸೆಯಲ್ಲಿ ದೀಪವಾಗುವೆ" ಎಂದಳು. ಅವಳು ನರ್ಸ್ ಆದಳು. ಒಬ್ಬರದ್ದೂ ತಪ್ಪಲಿಲ್ಲ. ಮೊದಮೊದಲು ಲತಾಮಣಿಗೆ ಹೆಮ್ಮೆಯಾಯಿತು. ಆಮೇಲೊಂದು ದಿನ ಶಿಲ್ಪಾ ಸಿಕ್ಕಿ, "ಆವತ್ತಿಂದ ಬ್ರಷ್ ಮುಟ್ಟೋಕೇ ಕೈ ಬರಲ್ಲ ಮೇಡಂ" ಎಂದು ನಕ್ಕಳು. ಆ ನಗು ಕಣ್ಣಿನವರೆಗೆ ಬರಲಿಲ್ಲ.

ಅಲ್ಲಿಗಾದರೂ ಪುಸ್ತಕವನ್ನು ಬೀರುವಿಗೆ ಹಾಕಿ ಬೀಗ ಜಡಿಯಬೇಕಿತ್ತು. ಆದರೆ ಅವಳ ಸ್ವಂತ ಮಗಳು ದಿವ್ಯಾ, ಬಿ.ಎಡ್ ಮಾಡಿ ಟೀಚರ್ ಆಗೆಂದರೆ ಕೇಳದೆ, ರೈಲು ಓಡಿಸುವ ಕೆಲಸಕ್ಕೆ ಪರೀಕ್ಷೆ ಬರೆದು ಪಾಸಾದಳು. ಟ್ರೈನಿಂಗಿಗೆ ಹೊರಡುವ ಹಿಂದಿನ ದಿನ ಲೈಬ್ರರಿಗೆ ಬಂದು, "ನಂಗೂ ಹೇಳಮ್ಮ" ಎಂದು ನಗುತ್ತಾ ಬೆರಳಿಟ್ಟಳು. "ನೀನು ದೂರ ಹೋಗುವೆ, ಆದರೆ..." ಎಂದಳು ಲತಾಮಣಿ. ಆ ಕೆಲಸ ಬಿಟ್ಟು ಬಂದು ಟೀಚರ್ ಆಗುವೆ ಎನ್ನಬೇಕೆಂದಿದ್ದಳು. ಅಷ್ಟರಲ್ಲಿ ಪ್ರಿನ್ಸಿಪಾಲರು ಕರೆದರು. ಅಂಚಿನಲ್ಲಿ ಮಗಳ ಹೆಸರನ್ನಷ್ಟೇ ಬರೆದಿಟ್ಟು ಎದ್ದಳು. ಮಾತು ಅಲ್ಲಿಗೇ ನಿಂತಿತು.

ಈಗ ಟ್ರೈನಿಂಗ್ ಮುಗಿದು ದಿವ್ಯಾ ಮೊದಲ ಸಲ ಇಂಜಿನ್ ಹತ್ತುವ ದಿನ ಬಂದಿತ್ತು. ಆ 'ಆದರೆ' ಲತಾಮಣಿಯನ್ನು ಒಳಗೊಳಗೇ ತಿನ್ನುತ್ತಿತ್ತು. ಅದೇ ಬೆಳಿಗ್ಗೆ ಉಗ್ರಪ್ಪ ಫೋನ್ ಮಾಡಿ, ಇಟಲಿಯಿಂದ ಲ್ಯಾಟಿನ್ ಟೀಚರೊಬ್ಬರು ದೇವಸ್ಥಾನ ನೋಡಲು ಬಂದಿದ್ದಾರೆ, ನೀವು ಅವರ ಜೊತೆ ಲ್ಯಾಟಿನ್ನಲ್ಲೇ ಮಾತಾಡಬಹುದು ಎಂದ. ಅವಳು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ ಹತ್ತಿದಳು.

ಇಟಲಿಯ ಹೆಂಗಸು ದೇವಸ್ಥಾನದ ಹುಲ್ಲುಹಾಸಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಲತಾಮಣಿ ಮರ್ಯಾದೆ ಬಿಟ್ಟು ನಿಜ ಹೇಳಿದಳು: "ನಂಗೆ ಇದನ್ನ ಓದೋಕೆ ಬರಲ್ಲ ಕಣೋ ಉಗ್ರಪ್ಪ. ಹೆಸರು ಬರೆದಿರೋ ಸಾಲುಗಳ ಅರ್ಥ ಕೇಳು." ಉಗ್ರಪ್ಪ ಪುಸ್ತಕವನ್ನು ಹೆಂಗಸಿನ ಮುಂದೆ ಹಿಡಿದು ಇಂಗ್ಲಿಷಿನಲ್ಲಿ ಕೇಳಿದ.

ಹೆಂಗಸು ಮೊದಲು ಉಗ್ರಪ್ಪನ ಹೆಸರಿನ ಪಕ್ಕದ ಸಾಲು ಓದಿ ಅರ್ಥ ಹೇಳಿದಳು. ಉಗ್ರಪ್ಪನ ಮುಖ ಬಿಳಿಚಿಕೊಂಡಿತು.

"ಕಲ್ಲುಗಳ ನಡುವೆ ನಿಂತು ಮಾತಾಡುವೆ ಅಂತೈತಂತೆ ಮೇಡಂ. ನೀವ್ ಹೇಳಿದ್ದೇ ಐತಲ್ಲ!"

ಶಿಲ್ಪಾಳ ಸಾಲಿನಲ್ಲಿ ದೀಪವಿತ್ತು. ಉಳಿದವರದ್ದೂ ಅಷ್ಟೇ, ಪದಕ್ಕೆ ಪದ ಲತಾಮಣಿಯ ಬುರುಡೆಗಳೇ. ಹೆಂಗಸು ಹುಬ್ಬು ಗಂಟಿಕ್ಕಿ ಮತ್ತೇನೋ ಅಂದಳು.

"ಮೂವತ್ತು ವರ್ಷ ಈ ಕಾವ್ಯನೇ ಪಾಠ ಮಾಡಿದಾರಂತೆ. ಈ ಸಾಲುಗಳನ್ನ ಎಲ್ಲೂ ಕಂಡಿಲ್ವಂತೆ."

ಲತಾಮಣಿ ಪುಟ ತಿರುವಿ ದಿವ್ಯಾಳ ಹೆಸರು ತೋರಿಸಿದಳು.

"ನೀನು ದೂರ ಹೋಗುವೆ, ಆದರೆ... ಅಷ್ಟೇ ಇರೋದು. ಕವಿ ಕಾವ್ಯ ಮುಗಿಸೋಕ್ ಮುಂಚೆನೇ ತೀರಿಕೊಂಡ್ರಂತೆ. ಅಲ್ಲಲ್ಲಿ ಹಿಂಗೆ ಅರ್ಧಕ್ಕೆ ನಿಂತಿರೋ ಸಾಲು ಇರ್ತವಂತೆ," ಎಂದ ಉಗ್ರಪ್ಪ. ಆಮೇಲೆ ದನಿ ತಗ್ಗಿಸಿದ. "ಮೇಡಂ, ಒಂದ್ ಮಾತು. ರಜಾ ದಿನನೂ ನಂಗೆ ಮನೇಲಿ ಕೂರಕ್ಕಾಗಲ್ಲ. ಕಾಲು ತಾನಾಗೇ ಇಲ್ಲಿಗೆ ಎಳ್ಕೊಂಡ್ ಬತ್ತವೆ. ಯಾರೂ ಇಲ್ದಿದ್ರೂ ಮಾತಾಡ್ತಾ ನಿಂತಿರ್ತೀನಿ."

ಲತಾಮಣಿ ಫೋನ್ ತೆಗೆದು ಮಗಳಿಗೆ ಹಚ್ಚಿದಳು.

"ಅಮ್ಮ, ಬೇಗ ಹೇಳು. ಇಂಜಿನ್ ಹತ್ತೋ ಹೊತ್ತಾಯ್ತು, ಫೋನ್ ಆಫ್ ಮಾಡ್ಬೇಕು."

"ಆವತ್ತು ಒಂದ್ ಮಾತು ಅರ್ಧಕ್ಕೇ ಬಿಟ್ಟಿದ್ದೆ ಕಣೆ."

"ಗೊತ್ತು. 'ಆದರೆ' ಏನಮ್ಮ? ಅದನ್ನೇ ಯೋಚಿಸ್ತಾ ಇದೀನಿ."

ಒಂದೇ ಒಂದು ಮಾತು. ಅಷ್ಟು ಹೇಳಿದರೆ ದಿವ್ಯಾ ಇವತ್ತಲ್ಲ ನಾಳೆ ಕೆಲಸ ಬಿಟ್ಟು ಬಂದು, ಸೀಮೆಸುಣ್ಣ ಹಿಡಿದು, ಮನೆಯ ಹತ್ತಿರವೇ ಇರುತ್ತಾಳೆ. ಶಿಲ್ಪಾಳ ಹಾಗೆ ನಗುತ್ತಾಳೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಲತಾಮಣಿ ಉಗ್ರಪ್ಪನ ಕಾಲುಗಳನ್ನು ನೋಡಿದಳು. ನಿಂತಲ್ಲೇ ಅವು ಗುಡಿಯ ಕಡೆಗೆ ತಿರುಗಿಕೊಂಡಿದ್ದವು. ಮಾತನ್ನು ನುಂಗಿಕೊಂಡಳು.

"ಆದ್ರೆ ಅನ್ನೋದೇನೂ ಇಲ್ಲ ಕಣೆ. ಹೋಗು ನೀನು."

"ಅಮ್ಮ..." ಎಂದಳು ದಿವ್ಯಾ. ಫೋನ್ ಕಟ್ಟಾಯಿತು.

ಲತಾಮಣಿಗೆ ಎದೆ ಹಗುರವಾಯಿತು. ಹನ್ನೆರಡು ವರ್ಷದಲ್ಲಿ ಒಂದು ಮಗುವನ್ನಾದರೂ ಅದರ ಪಾಡಿಗೆ ಬಿಟ್ಟಿದ್ದಳು. ಅಷ್ಟರಲ್ಲಿ ಇಟಲಿಯ ಹೆಂಗಸು ಚಿಟ್ಟನೆ ಚೀರಿ ಪುಟದಿಂದ ಕೈ ಹಿಂದಕ್ಕೆಳೆದುಕೊಂಡಳು.

"ಕೊನೆ ಪದ ಅಳಿಸೋಯ್ತಂತೆ ಮೇಡಂ. ನೀನು ದೂರ ಹೋಗುವೆ, ಅಂತ ಮಾತ್ರ ಐತಂತೆ ಈಗ."

"ವಾಪಸ್ ಬರೋದು? ಬರೋ ವಿಚಾರ ಏನಾದ್ರೂ ಇದೆಯಾ ಕೇಳೋ!"

ಹೆಂಗಸು ಪುಟವನ್ನು ಮೇಲಿಂದ ಕೆಳಗಿನವರೆಗೂ ಹುಡುಕಿ ಇಲ್ಲವೆಂದು ತಲೆಯಾಡಿಸಿದಳು.

"ಜಾಗ ಐತಂತೆ," ಎಂದ ಉಗ್ರಪ್ಪ ಮೆಲ್ಲಗೆ. "ಬರೆದಿಲ್ವಂತೆ."

ಲತಾಮಣಿ ಮತ್ತೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಆ ಖಾಲಿ ಜಾಗದ ಮೇಲೆ ತನ್ನದೇ ಬೆರಳಿಟ್ಟು, "ಬರ್ತೀಯ" ಎಂದಳು. ಇನ್ನೊಂದು ಸಲ ಎಂದಳು. ಏನೂ ಮೂಡಲಿಲ್ಲ. ಇಷ್ಟು ವರ್ಷ ಬಾಯಿಗೆ ಬಂದದ್ದೆಲ್ಲ ಅಚ್ಚಾಗಿತ್ತು. ಮೊದಲ ಸಲ ಮನಸಾರೆ ಹೇಳಿದ ಮಾತಿಗೆ ಕಾಗದ ಬೆಳ್ಳಗೇ ಇತ್ತು.

ಸಂಜೆಯ ಬಸ್ಸಿನಲ್ಲಿ, ಜಾವಗಲ್ ದಾಟಿದ ಮೇಲೂ, ಅವಳು ಪುಸ್ತಕ ಮಡಿಲಲ್ಲಿಟ್ಟುಕೊಂಡು ಆ ಜಾಗದ ಮೇಲಿಂದ ಬೆರಳು ತೆಗೆಯದೆ ಅದೊಂದೇ ಮಾತನ್ನು ಹೇಳುತ್ತಿದ್ದಳು.