ಎರಡು ಹೆಜ್ಜೆ ಹಿಂದೆ

ಹಸನಬ್ಬ ಕಾರಿನ ಬಾನೆಟ್ಟಿನ ಮೇಲೆ ಎರಡು ಪಾಸ್‌ಪೋರ್ಟುಗಳನ್ನು ಬಿಡಿಸಿಟ್ಟು, ಗಾಳಿಗೆ ಹಾಳೆ ಮಗುಚದಂತೆ ಒಂದರ ಮೇಲೆ ಮೊಬೈಲು, ಇನ್ನೊಂದರ ಮೇಲೆ ಕೀಗೊಂಚಲು ಹೇರಿದ.

“ಪುರಂದರಣ್ಣ, ಬಾಡಿ ಬಿಡಿಸಿಕೊಳ್ಳುವವರ ವೀಸಾ ಕಾಪಿ ಕೇಳ್ತಾರೆ. ನಿಮ್ಮದು ಯಾವ ಕಂಪನಿದು?”

“ಕಂಪನಿ ಇಲ್ಲ.”

“ಮತ್ತೆ?”

“ಅಪ್ಪಿಯ ವೀಸಾ. ಅವಳೇ ಸ್ಪಾನ್ಸರ್.” ಪುರಂದರ ಶವಾಗಾರದ ಬಾಗಿಲಿನ ಕಡೆ ನೋಡಿದ. “ಒಳಗಿದ್ದಾಳೆ.”

ಹಸನಬ್ಬನ ಬೆರಳು ಪುಟದ ಮೇಲೆ ನಿಂತಿತು. ದುಬೈಯ ದೇರಾದಲ್ಲಿ ಅವನದು ಟೈರಿನ ಅಂಗಡಿ. ಊರಿನವರು ಯಾರು ತೀರಿಕೊಂಡರೂ ಶಟರ್ ಎಳೆದು ಕಾಗದಪತ್ರಕ್ಕೆ ಓಡುವುದು ಇಪ್ಪತ್ತು ವರ್ಷಗಳ ರೂಢಿ. ಗಂಡ ಸತ್ತು ಹೆಂಡತಿಯ ವೀಸಾ ರದ್ದಾಗುವುದನ್ನು ಎಷ್ಟೋ ಸಲ ಕಂಡಿದ್ದ. ಹೆಂಡತಿ ಸತ್ತು ಗಂಡನದು ರದ್ದಾಗುವುದು ಇದೇ ಮೊದಲು.

“ಸರಿ, ಅದು ಆಮೇಲೆ ನೋಡುವ. ಅಶ್ಮಿತಾ, ನಿನ್ನದು ಕಂಪನಿ ವೀಸಾ ಅಲ್ವಾ? ನಿನ್ನ ಕಾಪಿ ಕೊಡು. ಯಲ್ಲಾ, ಬೇಗ.”

ಅಶ್ಮಿತಾ ಬ್ಯಾಗಿನಿಂದ ಕಾಗದ ತೆಗೆದುಕೊಟ್ಟಳು. ಎರಡು ದಿನಗಳಿಂದ ತಲೆ ಬಾಚಿರಲಿಲ್ಲ. ಇಪ್ಪತ್ತೈದರ ಹುಡುಗಿ; ಅಮ್ಮ ಅಲ್ ನಹ್ದಾದ ಫ್ಲ್ಯಾಟಿನ ಅಡುಗೆಮನೆಯಲ್ಲಿ ಎದೆ ಹಿಡಿದು ಕುಸಿದಾಗ ಆಂಬುಲೆನ್ಸಿನಲ್ಲಿ ಜೊತೆಗೆ ಹೋದವಳು ಅವಳೇ.

“ಕಾಪಿ ಯಾರದ್ದಾದರೂ ಕೊಡಿ, ಸಹಿ ಯಾರಾದರೂ ಹಾಕಿ,” ಎಂದ ಲತೇಶ್. ಅಪ್ಪಿಯ ತಮ್ಮ. ಅಬುಧಾಬಿಯ ತನ್ನ ಹೋಟೆಲಿನಿಂದ ಬೆಳಿಗ್ಗೆ ಬಂದಿದ್ದ, ಬಂದಾಗಿನಿಂದ ಕೂತಿರಲಿಲ್ಲ. “ಕೊಳ್ಳಿ ಇಡುದು ಯಾರು? ಅದು ಹೇಳಿ ಭಾವ. ಮಗ ಸುಮಿತ್ ಊರಿನಿಂದ ಬರುವವರೆಗೆ ಕಾಯುದಾ, ಅಲ್ಲ ನಾನು ಇಡುದಾ?”

“ನಾನು ಇಡ್ತೇನೆ ಮಾಮ,” ಎಂದಳು ಅಶ್ಮಿತಾ.

“ನೀನು ಸುಮ್ಮನಿರು ಮಗಾ. ನೀನು ಇಲ್ಲಿವರೆಗೆ ಬಂದದ್ದೇ ಹೆಚ್ಚು.”

“ಯಾರಾದರೂ ಒಬ್ಬರ ಹೆಸರು ಹೇಳಿ,” ಎಂದ ಹಸನಬ್ಬ. “ಜೆಬೆಲ್ ಅಲಿಯ ಸ್ಮಶಾನದಲ್ಲಿ ನಾಲ್ಕು ಗಂಟೆಗೆ ಟೈಮ್ ಕೊಟ್ಟಿದ್ದಾರೆ. ನಾಳೆ ಶುಕ್ರವಾರ, ನಾಡಿದ್ದು ಶನಿವಾರ, ಎರಡೂ ರಜೆ. ಇವತ್ತು ತಪ್ಪಿದರೆ ಆದಿತ್ಯವಾರವೇ. ಪುರಂದರಣ್ಣ, ನೀವು ಹೇಳಿದ್ದು ಫೈನಲ್.”

ಮೂವರೂ ಅವನ ಮುಖ ನೋಡಿದರು. ಪುರಂದರ ಕೆಮ್ಮಿದ.

“ಒಂದ್ನಿಮಿಷ. ಅಪ್ಪಿಯ ಹತ್ರ ಕೇಳಿ ಹೇಳ್ತೇನೆ.”

ಮಾತು ಬಾಯಿಂದ ಬಿದ್ದ ಮೇಲೆ ಅವನಿಗೂ ಕೇಳಿಸಿತು. ಲತೇಶ್ ಬೇರೆ ಕಡೆ ತಿರುಗಿದ. ಹಸನಬ್ಬ ಪಾಸ್‌ಪೋರ್ಟುಗಳನ್ನು ನಿಧಾನವಾಗಿ ಮುಚ್ಚಿದ.

*

ಹನ್ನೆರಡು ವರ್ಷಗಳ ಹಿಂದೆ ಪುರಂದರ ಕೆಲಸಕ್ಕಿದ್ದ ಪ್ರಿಂಟಿಂಗ್ ಪ್ರೆಸ್ ಮುಚ್ಚಿತ್ತು. ಊರಿಗೆ ಹೊರಡುವುದೆಂದು ಅವನು ಪೆಟ್ಟಿಗೆ ಕಟ್ಟಿದ್ದ. ಅಪ್ಪಿ ಆಗಲೇ ಶಾಲೆಯಲ್ಲಿ ಸಮಾಜಶಾಸ್ತ್ರದ ಟೀಚರು. ಗಂಡನಿಗೆ ಸ್ಪಾನ್ಸರ್ ಆಗುವ ಅವಕಾಶ ಇಲ್ಲಿ ಎಲ್ಲ ಹೆಂಗಸರಿಗೂ ಸಿಗುವಂಥದ್ದಲ್ಲ, ಟೀಚರಿಗೆ ಸಿಗುತ್ತಿತ್ತು. ಅವಳು ಮೂರು ಮಧ್ಯಾಹ್ನ ಸಾಲಿನಲ್ಲಿ ನಿಂತು ವೀಸಾ ಹೊಡೆಸಿಕೊಂಡು ಬಂದಳು. ಅದರ ಮೇಲೆ ‘ಕೆಲಸ ಮಾಡಲು ಅನುಮತಿ ಇಲ್ಲ’ ಎಂಬ ಮುದ್ರೆ.

ಅಂದಿನಿಂದ ಮೀನು ತರುವುದು, ಸಾರು ಮಾಡುವುದು, ಮಕ್ಕಳನ್ನು ಬಸ್ಸಿಗೆ ಬಿಡುವುದು, ಅಪ್ಪಿಯನ್ನು ಶಾಲೆಗೆ ಕರೆದೊಯ್ಯುವುದು ಅವನ ಪಾಲು. ತುಳುವರ ಕೂಟಗಳಲ್ಲಿ ಅವಳು ಮುಂದೆ ನಡೆಯುವಳು, ಇವನು ಡಬ್ಬಿಚೀಲ ಹಿಡಿದು ಹಿಂದೆ. “ನಮ್ಮ ರಾಣಿಯವರು ಬಂದರು!” ಎಂದು ಲತೇಶನೇ ಮೊದಲು ಕೂಗಿದ್ದು. “ಭಾವ, ಎರಡು ಹೆಜ್ಜೆ ಹಿಂದೆಯೇ ಇರಿ, ಅದು ಅರಮನೆಯ ರೂಲು!” ಎಲ್ಲರೂ ನಕ್ಕಿದ್ದರು, ಪುರಂದರನೂ ನಕ್ಕಿದ್ದ. ಮನೆಗೆ ಬರುವಾಗ ಕಾರಿನಲ್ಲಿ ಅಪ್ಪಿ ನಗಲಿಲ್ಲ.

“ಹಿಂದೆ ನಡೆಯುವವರಿಗೆ ಮಾತ್ರ ನನ್ನ ಸೆರಗಿನ ಪಿನ್ ಬಿಚ್ಚಿದ್ದು ಕಾಣ್ತದೆ,” ಎಂದಿದ್ದಳು. “ಲತೇಶನಿಗೆ ಏನು ಗೊತ್ತು.”

ಒಂದು ವರ್ಷ ಶಾಲೆಯ ಪ್ರದರ್ಶನಕ್ಕೆ ಅವಳು ಮಕ್ಕಳಿಗೆ ದೇಶ ಆಳಿದ ಹೆಂಗಸರ ವೇಷ ಹಾಕಿಸಿ ನಿಲ್ಲಿಸಿದಳು: ಇಂಗ್ಲೆಂಡಿನ ರಾಣಿಯರು, ಸಿಂಹಳದ ಮೊದಲ ಮಹಿಳಾ ಪ್ರಧಾನಿ, ನಮ್ಮ ಪ್ರಧಾನಿ, ಇಂಗ್ಲೆಂಡಿನ ಪ್ರಧಾನಿ. ಕಿರೀಟಧಾರಣೆಯ ರಾಣಿಗೆ ಕೆಂಪು ಕಂಬಳಿಯ ಉದ್ದನೆಯ ಬಾಲಂಗೋಚಿ. ಅದನ್ನು ಹಿಡಿಯಬೇಕಿದ್ದ ಹುಡುಗಿಗೆ ಜ್ವರ. ಊಟದ ಡಬ್ಬಿ ಕೊಡಲು ಬಂದ ಪುರಂದರನ ಕೈಗೆ ಅಪ್ಪಿ ಕಂಬಳಿಯ ತುದಿ ಕೊಟ್ಟೇಬಿಟ್ಟಳು. “ನೆಲಕ್ಕೆ ತಾಗಬಾರದು. ಎಳೆಯಬಾರದು. ಎಳೆದರೆ ಕಿರೀಟ ಬೀಳ್ತದೆ, ಗೊತ್ತಾಯ್ತಾ?” ನಲವತ್ತೈದರ ಗಂಡಸು, ಒಂಬತ್ತರ ಹುಡುಗಿಯ ಹಿಂದೆ, ಇಡೀ ಸಭಾಂಗಣ ದಾಟಿದ್ದ. ಕಿರೀಟ ಬಿದ್ದಿರಲಿಲ್ಲ.

*

ಶೇಖ್ ಝಾಯೆದ್ ರೋಡಿನಲ್ಲಿ ಶವದ ವ್ಯಾನು ಮುಂದೆ, ಇವರ ಕಾರು ಹಿಂದೆ. ಲತೇಶ್ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಅಶ್ಮಿತಾಳ ಕೈ ಹಿಡಿದು ಜಮೀಲ ಟೀಚರು. ಸ್ಟಾಫ್ ರೂಮಿನಲ್ಲಿ ಹದಿನೆಂಟು ವರ್ಷ ಅಪ್ಪಿಯ ಪಕ್ಕದ ಕುರ್ಚಿ ಅವಳದು.

“ಕಾಯುವ ಭಾವ,” ಎಂದ ಲತೇಶ್. “ಮೂರು ದಿನ ಎಂತ ಮಹಾ? ಮಗ ಇದ್ದೂ ಮಗಳು ಕೊಳ್ಳಿ ಇಟ್ಟಳು ಅಂತಾದರೆ ಊರಲ್ಲಿ ನಾನು ಮುಖ ತೋರಿಸುದು ಹೇಗೆ?”

“ಮೂರು ದಿನದಲ್ಲಿ ವೀಸಾ ಸಿಗ್ತದೆ ಅಂತ ಗ್ಯಾರಂಟಿ ಉಂಟಾ ಮಾಮ?”

“ಅವನ ವೀಸಾ ಹೋದದ್ದು ಯಾಕೆ? ಅದು ಕೇಳು ನಿನ್ನ ಅಪ್ಪನ ಹತ್ರ.”

ಪುರಂದರ ಕಿಟಕಿಯಾಚೆ ನೋಡಿದ. ಸುಮಿತ್ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಹೊರಗಿರುವವರು ಆರು ತಿಂಗಳೊಳಗೆ ಒಮ್ಮೆ ಇಲ್ಲಿಗೆ ಬಂದು ಹೋಗದಿದ್ದರೆ ವೀಸಾ ಸತ್ತಂತೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಸುತ್ತು ಹಾಕುವುದು ಪುರಂದರನ ಕೆಲಸ. ಈ ಸಲ ಹಾಕಿದ್ದ ಸುತ್ತು ಗಡುವು ದಾಟಿ ಒಂದು ವಾರ ಮುಂದೆ ಬಿದ್ದಿತ್ತು. ಅಪ್ಪಿ ಬೈದಿರಲಿಲ್ಲ. “ಹೋಗ್ಲಿ, ಬೇಸಿಗೆ ರಜೆಗೆ ಹೊಸತು ಮಾಡಿಸ್ತೇನೆ,” ಎಂದಿದ್ದಳು.

ಫೋನು ಅದುರಿತು. ಸುಮಿತ್.

“ಪಪ್ಪಾ, ಪ್ಲೀಸ್ ವೇಟ್. ನಾನು ಏರ್‌ಪೋರ್ಟಲ್ಲೇ ಇದ್ದೇನೆ. ವೀಸಾ ಬಂದ ಕೂಡಲೇ ಹತ್ತುದು. ಐ ಆಮ್ ಹರ್ ಸನ್. ನನ್ನನ್ನು ಬಿಟ್ಟು ಮಾಡ್ಬೇಡಿ ಪಪ್ಪಾ.”

“ಆಯ್ತು ಮಗಾ... ನೋಡುವ,” ಎಂದ ಪುರಂದರ.

“ನೋಡುವ ಅಂದ್ರೆ ಎಂತ?” ಎಂದಳು ಅಶ್ಮಿತಾ ಹಿಂದಿನಿಂದ, ಅವನು ಫೋನ್ ಇಡುತ್ತಿದ್ದಂತೆ. “ಯಾವಾಗಲೂ ನೋಡುವ, ನೋಡುವ. ಇನ್ನು ನೋಡ್ಲಿಕ್ಕೆ ಅಮ್ಮ ಇಲ್ಲ ಪಪ್ಪಾ.”

“ಅಶ್ಮೀ,” ಎಂದಳು ಜಮೀಲ ಮೆಲ್ಲಗೆ. ಮುಂದಿನ ವ್ಯಾನು ಜೆಬೆಲ್ ಅಲಿಯ ಎಕ್ಸಿಟ್ಟಿಗೆ ಇಂಡಿಕೇಟರ್ ಹಾಕಿತು.

*

ಎರಡು ವಾರದ ಹಿಂದೆ ಊಟದ ಹೊತ್ತಿಗೆ ಅಪ್ಪಿ ಪೇಪರನ್ನು ತಟ್ಟೆಯ ಪಕ್ಕ ಮಡಚಿಟ್ಟು ಓದಿದ್ದಳು. ಸ್ಪೀಕರಿನಲ್ಲಿ ಮಂಗಳೂರಿನಿಂದ ಸುಮಿತ್.

“ಕಾನೂನು ಇವತ್ತು ಜಾರಿಗೆ ಬಂತು ನೋಡಿ. ಇನ್ನು ಇಂಗ್ಲೆಂಡಿನಲ್ಲಿ ಮೊದಲು ಹುಟ್ಟಿದವರಿಗೇ ಪಟ್ಟ, ಹೆಣ್ಣಾದರೂ. ತಮ್ಮ ಹುಟ್ಟಿದ ಅಂತ ಅಕ್ಕನನ್ನು ಹಿಂದೆ ತಳ್ಳುವ ಹಾಗಿಲ್ಲ. ಹದಿನಾರು ದೇಶಗಳು ಒಪ್ಪಬೇಕಿತ್ತು, ಅದಕ್ಕೇ ಮೂರೂವರೆ ವರ್ಷ ಹಿಡಿಯಿತು.”

“ಅಂದ್ರೆ ನನಗೆ ಡಿಮೋಷನ್ನಾ?” ಎಂದ ಸುಮಿತ್.

“ಹೆದರಬೇಡ. ಎರಡು ಸಾವಿರದ ಹನ್ನೊಂದರ ಅಕ್ಟೋಬರಿನ ನಂತರ ಹುಟ್ಟಿದವರಿಗೆ ಮಾತ್ರ.”

“ಐ ಆಮ್ ಸೇಫ್!”

“ಯಾವ ಪಟ್ಟ ಮಾರಾಯ ನಮ್ಮಲ್ಲಿ?” ಅಶ್ಮಿತಾ ನಕ್ಕಳು. “ಎಸಿ ಹಾಳಾದ ಕಾರು ಒಂದು ಉಂಟು.”

“ಒಳ್ಳೇದೇ ಆಯ್ತು,” ಎಂದಳು ಅಪ್ಪಿ. ಅವಳಿಗೆ ಎಸಿ ಆಗದು. ಸ್ಟಾಫ್ ರೂಮಿನಲ್ಲಿ ಏಪ್ರಿಲ್ಲಿನಲ್ಲೂ ಸ್ವೆಟರ್. ಆಮೇಲೆ ಅವಳು ಗಂಡನ ಕಡೆ ತಿರುಗಿದಳು. “ನೀವೆಂತ ಹೇಳ್ತೀರಿ? ಸರಿಯಾ ಈ ಕಾನೂನು?”

“ನನ್ನದೆಂತ ಉಂಟು,” ಎಂದ ಪುರಂದರ ಸಾರು ಬಡಿಸುತ್ತ. “ನೀನು ಹೇಳಿದ ಹಾಗೆ.”

ಅಪ್ಪಿ ಸೌಟು ಹಿಡಿದ ಅವನ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು.

“ಒಂದು ದಿನ ನೀವು ಹೇಳಿ. ನಾನು ಕೇಳ್ತೇನೆ.”

*

ಸ್ಮಶಾನದ ಮೋಟುಗೋಡೆಯ ನೆರಳಿನಲ್ಲಿ ಶಾಲೆಯ ಟೀಚರುಗಳು, ಹಳೆಯ ವಿದ್ಯಾರ್ಥಿಗಳು, ಅಪ್ಪಿ ತಾನೇ ಓಡಾಡಿ ಮೊದಲ ಕೆಲಸ ಕೊಡಿಸಿದ್ದ ಊರಿನ ಹತ್ತಾರು ಜನ ನಿಂತಿದ್ದರು. ಹೆಂಗಸರು ಹಿಂದೆ. ಬರ್ ದುಬೈಯಿಂದ ಬಂದ ಭಟ್ಟರು ಮಣ್ಣಿನ ಮಡಕೆಗೆ ನೀರು ತುಂಬಿಸಿ ಬಾಯಿಗೆ ತೆಂಗಿನಕಾಯಿ ಇಡುತ್ತಿದ್ದರು.

“ಮಡಕೆ ಹೊರುವವರು ಯಾರು?”

“ನಾನು,” ಎಂದು ಲತೇಶ್ ಷರಟಿನ ಗುಂಡಿ ಬಿಚ್ಚತೊಡಗಿದ. “ಇಲ್ಲದಿದ್ದರೆ ವಾಪಸ್. ಮಗ ಬರುವವರೆಗೆ ವಾಪಸ್.”

ಅಶ್ಮಿತಾ ಆಗಲೇ ಚಪ್ಪಲಿ ಕಳಚಿ ಮಡಕೆಯ ಪಕ್ಕ ನಿಂತಿದ್ದಳು. “ಭಟ್ಟರೇ, ನಾನು ಮಾಡಬಹುದಾ?”

“ನನ್ನ ಕಡೆಯಿಂದ ಅಡ್ಡಿ ಇಲ್ಲಮ್ಮ. ಮನೆಯವರು ಒಂದೇ ಮಾತು ಹೇಳಿದರೆ ಸಾಕು.” ಭಟ್ಟರು ವಾಚು ನೋಡಿಕೊಂಡರು. “ಹತ್ತು ನಿಮಿಷ ಉಂಟು.”

“ಭಾವ,” ಲತೇಶ್ ಹತ್ತಿರ ಬಂದ, ಕಣ್ಣು ಕೆಂಪಾಗಿತ್ತು. “ಅಕ್ಕ ಹಾಗೆ ಮಾಡಿ ಅಂತ ಹೇಳಿದ್ದಾಳಾ? ಹೇಳಿದ್ದರೆ ನಾನು ಬಾಯಿ ಮುಚ್ಚಿಕೊಂಡು ಹೋಗ್ತೇನೆ. ಹೇಳಿದ್ದಾಳಾ?”

ಹೌದು ಎಂದುಬಿಡುವುದು ಸುಲಭವಿತ್ತು. ಅಪ್ಪಿಯ ಮಾತೆಂದರೆ ಇಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ವ್ಯಾನಿನ ತೆರೆದ ಬಾಗಿಲಿನಿಂದ ಬರುತ್ತಿದ್ದ ತಣ್ಣನೆಯ ಗಾಳಿ ಪುರಂದರನ ಮೊಣಕೈಗೆ ತಾಗಿತು. ಒಳಗೆ ಬಿಳಿ ಬಟ್ಟೆಯ ಮೇಲೆ ನೀರಿನ ಹನಿಗಳು ಕಟ್ಟಿದ್ದವು.

“ಇಲ್ಲ. ಅವಳು ಏನೂ ಹೇಳಿಲ್ಲ,” ಎಂದ. “ನಾನು ಹೇಳ್ತಾ ಇದ್ದೇನೆ. ಅಶ್ಮಿತಾ ಮಾಡ್ತಾಳೆ. ಇವತ್ತೇ.”

“ನೀವಾ?” ಎಂದ ಲತೇಶ್. ಆ ಎರಡಕ್ಷರದಲ್ಲಿ ಹನ್ನೆರಡು ವರ್ಷಗಳ ನಗು ಇತ್ತು. “ಮಗನಿಗೆ ಯಾರು ಹೇಳುದು?”

ಪುರಂದರ ತಾನೇ ಫೋನು ಒತ್ತಿದ. ಮೊದಲ ರಿಂಗಿಗೇ ಸುಮಿತ್ ಎತ್ತಿದ.

“ಮಗಾ, ಕ್ಯಾಲೆಂಡರಿನಲ್ಲಿ ತಪ್ಪು ಬರೆದದ್ದು ನಾನು. ಆ ಸಿಟ್ಟು ನನ್ನ ಮೇಲೆ ಇಟ್ಟುಕೋ, ಎಷ್ಟು ವರ್ಷ ಬೇಕಾದರೂ. ಆದರೆ ಅಮ್ಮನನ್ನು ಇನ್ನು ಮೂರು ದಿನ ಆ ತಣ್ಣಗಿನ ಪೆಟ್ಟಿಗೆಯಲ್ಲಿ ಇಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಅವಳಿಗೆ ಎಸಿ ಆಗುದಿಲ್ಲ, ನಿನಗೆ ಗೊತ್ತುಂಟಲ್ಲ.”

ಆ ಕಡೆ ವಿಮಾನ ನಿಲ್ದಾಣದ ಘೋಷಣೆಯೊಂದು ಕೇಳಿಸಿತು.

“ಅಕ್ಕನಿಗೆ ಕೊಡಿ,” ಎಂದ ಸುಮಿತ್.

ಅಶ್ಮಿತಾ ಫೋನನ್ನು ಕಿವಿಗೊತ್ತಿಕೊಂಡಳು. “ಹೂಂ... ಹೂಂ... ಇಲ್ಲ ಮಾರಾಯ, ನಿನ್ನ ಹೆಸರು ಹೇಳಿಯೇ ಇಡ್ತೇನೆ.” ಆಮೇಲೆ ಅದನ್ನು ಕಟ್ ಮಾಡದೆ ಜಮೀಲಳ ಕೈಗೆ ಕೊಟ್ಟಳು. ಜಮೀಲ ಹೆಂಗಸರ ಸಾಲು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದು, ಫೋನನ್ನು ಎತ್ತಿ ಹಿಡಿದು ನಿಂತಳು.

ಚಟ್ಟ ಇಳಿಸಿದರು. ಭಟ್ಟರು ಮಡಕೆಯನ್ನು ಅಶ್ಮಿತಾಳ ಎಡ ಹೆಗಲಿಗೆ ಏರಿಸಿದರು. “ಮೂರು ಸುತ್ತು. ಒಂದೊಂದು ಸುತ್ತಿಗೆ ಹಿಂದಿನಿಂದ ಒಬ್ಬರು ಮಡಕೆಗೆ ತೂತು ಹಾಕಬೇಕು. ಕತ್ತಿ ಯಾರು ಹಿಡಿಯುವುದು?”

ಲತೇಶ್ ಬಿಚ್ಚಿದ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. ಕೊನೆಯದನ್ನು ಹಾಕಿ ಮುಗಿದ ಮೇಲೆ ಬಂದು, ಯಾರ ಮುಖವನ್ನೂ ನೋಡದೆ ಭಟ್ಟರ ಕೈಯಿಂದ ಕತ್ತಿ ತೆಗೆದುಕೊಂಡ.

“ಮೆಲ್ಲ ನಡೆ ಮಗಾ,” ಎಂದ.

ಮೊದಲ ತೂತಿನಿಂದ ನೀರು ಎಳೆಯಾಗಿ ಚಿಮ್ಮಿತು. ಎರಡೂ ಕೈಗಳಲ್ಲಿ ಮಡಕೆ ಹಿಡಿದ ಅಶ್ಮಿತಾಳ ಬಿಳಿ ದುಪ್ಪಟ್ಟಾ ಹೆಗಲಿನಿಂದ ಜಾರಿ, ಹಿಂದೆ ಒದ್ದೆ ಸಿಮೆಂಟಿನ ಮೇಲೆ ಎಳೆದುಕೊಂಡು ಬಂತು. ಅದು ಕಂಡದ್ದು ಒಬ್ಬನಿಗೆ ಮಾತ್ರ.

ಪುರಂದರ ಬಗ್ಗಿ ಅದರ ತುದಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ನೆಲಕ್ಕೆ ತಾಗದಷ್ಟು ಮೇಲಕ್ಕೆ, ಎಳೆಯದಷ್ಟು ಸಡಿಲಾಗಿ. ಮಗಳು ಎರಡನೆಯ ಸುತ್ತಿಗೆ ತಿರುಗಿದಳು. ಅವನೂ ತಿರುಗಿದ, ಎರಡು ಹೆಜ್ಜೆ ಹಿಂದೆ.