ರಾಜನ ಕಿವಿಯ ತೂತು

ಗಂಡ ತೀರಿಹೋದ ಮೇಲೆ ನನ್ನೊಂದಿಗೆ ಯಾರೂ ಚೌಕಾಸಿ ಮಾಡುತ್ತಿಲ್ಲ. ತರಕಾರಿಯವಳು ಕೇಳದೆಯೇ ಎರಡು ನಿಂಬೆಹಣ್ಣು ಹೆಚ್ಚಿಗೆ ಹಾಕುತ್ತಾಳೆ. ದರ್ಜಿ ಕೂಲಿ ತೆಗೆದುಕೊಳ್ಳುವುದಿಲ್ಲ. ಪ್ರಯೋಗಾಲಯದಲ್ಲಿ ನಾನು ತಪ್ಪು ತೂಕ ಬರೆದರೂ ಮೇಲಧಿಕಾರಿ ತಾವೇ ತಿದ್ದಿ ಸುಮ್ಮನಾಗುತ್ತಾರೆ. ಎಲ್ಲರೂ ಒಳ್ಳೆಯವರು. ನನ್ನನ್ನು ಹತ್ತಿಯಲ್ಲಿ ಸುತ್ತಿಟ್ಟ ಹಾಗಿದೆ. ಏನೂ ತಾಗುವುದಿಲ್ಲ.

ಹಾಗಾಗಿ ನಾಣ್ಯದ ವ್ಯಾಪಾರಿ ಫೋನ್ ಮಾಡಿ, "ನಿಮ್ಮ ಗಡ್ಡದ ರಾಜ ಬಂದಿದ್ದಾನೆ, ಭಾನುವಾರದವರೆಗೆ ಎತ್ತಿಟ್ಟಿರ್ತೀನಿ" ಎಂದಾಗಲೇ ತೀರ್ಮಾನಿಸಿದೆ. ನಾಣ್ಯ ಬೇಕು. ಆದರೆ ಜಗಳವಾಡಿಯೇ ತರಬೇಕು. ಬಿಟ್ಟಿ ಕೊಟ್ಟರೆ ಬಿಟ್ಟು ಬರುತ್ತೇನೆ.

ನಾನೂ ನನ್ನ ಗಂಡನೂ ಆರು ವರ್ಷ ಹಳೆಯ ಬೆಳ್ಳಿ ನಾಣ್ಯ ಕೂಡಿಸಿದ್ದೆವು. ತೂತು ಬಿದ್ದದ್ದು, ಅಂಚು ಸವೆದದ್ದು, ಯಾರೋ ತಮ್ಮ ಹೆಸರು ಕೆತ್ತಿದ್ದು. ಬಾಡಿಗೆ ಕಳೆದು ಉಳಿದ ಸಂಬಳಕ್ಕೆ ಬರುವವು ಅವೇ. "ನೆಟ್ಟಗಿರೋದಕ್ಕೆ ಸಾಹುಕಾರರಿದ್ದಾರೆ. ಇವಕ್ಕೆ ನಾವಲ್ದೆ ಇನ್ಯಾರು?" ಎನ್ನುತ್ತಿದ್ದ. ನಿಯಮ ಒಂದೇ: ಕರಗಿಸಿದರೆ ಸಿಗುವ ಬೆಳ್ಳಿಯ ಬೆಲೆಗಿಂತ ಒಂದು ಕಾಸೂ ಹೆಚ್ಚು ಕೊಡಬಾರದು.

ಕೆಲಸ ಹಂಚಿಕೊಂಡಿದ್ದೆವು. ಲೋಹಶಾಸ್ತ್ರ ಓದಿದವಳು ನಾನು, ನೋಡುವುದು ನನ್ನದು. ಬಾಯಿ ಅವನದು. ನಾಣ್ಯ ಹಿಡಿಸಿದರೆ ನಾನು ಭೂತಗನ್ನಡಿಯನ್ನು ಡಬ್ಬಿಗೆ ಹಾಕಿ ಟಿಕ್ ಎಂದು ಮುಚ್ಚುತ್ತಿದ್ದೆ. ಹಿಡಿಸದಿದ್ದರೆ ಕೈಯಲ್ಲೇ ಹಿಡಿದಿರುತ್ತಿದ್ದೆ. ಟಿಕ್ ಕೇಳಿದ್ದೇ ತಡ, ಅವನು ಮುಖ ಸಿಂಡರಿಸಿ, "ಥೂ, ಇದನ್ನ ಯಾರು ತಗೋತಾರೆ!" ಎಂದು ಶುರು ಹಚ್ಚಿಕೊಳ್ಳುತ್ತಿದ್ದ.

ಗಡ್ಡದ ರಾಜನ ನಾಣ್ಯ ಹನ್ನೊಂದು ವರ್ಷ ಅಚ್ಚಾಗಿತ್ತು. ಕೆಂಪು ಮಖಮಲ್ಲು ಹಾಸಿದ ನಮ್ಮ ಟ್ರೇಯಲ್ಲಿ ಹತ್ತು ಗುಳಿ ತುಂಬಿದ್ದವು. ಕೊನೆಯ ವರ್ಷದ್ದು ಖಾಲಿ.

ಭಾನುವಾರ ಅತ್ತೆಯೂ ಚಪ್ಪಲಿ ಮೆಟ್ಟಿದರು.

"ನೀನು ಮೊದಲೇ ಮೂಕಿ. ಒಬ್ಬಳೇ ಹೋದ್ರೆ ಟೋಪಿ ಹಾಕಿ ಕಳಿಸ್ತಾನೆ."

"ಹಾಕ್ಲಿ ಅತ್ತೆ. ಬಿಟ್ಟಿ ಕೊಡದಿದ್ರೆ ಸಾಕು."

"ಬಿಟ್ಟಿ ಬೇಡ ಅನ್ನೋಳನ್ನ ಇವತ್ತೇ ನೋಡಿದ್ದು!"

ಮುಚ್ಚಿಹೋದ ಚಿತ್ರಮಂದಿರದ ಟಿಕೆಟ್ ಹಾಲ್‌ನಲ್ಲಿ ಭಾನುವಾರ ನಾಣ್ಯ ಮಾರುವವರ ಮೇಜುಗಳು ಸಾಲಾಗಿ ಇರುತ್ತವೆ. ನಮ್ಮ ವ್ಯಾಪಾರಿಯದು ಕಂಬದ ಪಕ್ಕದ್ದು. ಹಸಿರು ಬಟ್ಟೆ, ಪುಟ್ಟ ತಕ್ಕಡಿ, ಸದಾ ಒಂದು ಲೋಟ ಟೀ. ಕೂತಲ್ಲಿಂದಲೇ, "ಬಂದ್ರಪ್ಪಾ ಕಂಜೂಸ್ ದಂಪತಿ!" ಎಂದು ಕೂಗುತ್ತಿದ್ದ ಮನುಷ್ಯ ಇವತ್ತು ಎದ್ದು ನಿಂತರು. ಕುರ್ಚಿ ಎಳೆದುಕೊಟ್ಟರು. ನಾಣ್ಯವನ್ನು ಎರಡು ಕೈಯಲ್ಲಿ ನನ್ನ ಮುಂದಿಟ್ಟರು.

"ತಗೊಳ್ಳಿ ತಾಯಿ. ದುಡ್ಡಿನ ಮಾತು ಬೇಡ. ಅವರ ನೆನಪಿಗೆ ಅಂತ ಇಟ್ಕೊಳ್ಳಿ."

ಅತ್ತೆಯ ಕೈ ಆಗಲೇ ಅರ್ಧ ದಾರಿಗೆ ಹೋಗಿತ್ತು. ಹಿಡಿದು ನಿಲ್ಲಿಸಿದೆ.

"ತೂಕ ಮಾಡಿ," ಎಂದೆ.

"ಅಲ್ಲ ತಾಯಿ..."

"ಇಲ್ಲಾಂದ್ರೆ ಬೇರೆಯವರಿಗೆ ಮಾರ್ಕೊಳ್ಳಿ."

ನಾನು ಭೂತಗನ್ನಡಿ ತೆಗೆದೆ. ವರ್ಷದ ಅಂಕಿಗಳು ಸ್ಪಷ್ಟವಾಗಿದ್ದವು. ತೂತು ಸರಿಯಾಗಿ ರಾಜನ ಕಿವಿಯಲ್ಲಿ ಬಿದ್ದಿತ್ತು. ಅಂಚಿನಲ್ಲಿ ಮಂಕಾದ ಒಂದು ಬೂದು ಕಲೆ. ಉಗುರು ಒತ್ತಿದೆ. ಗೆರೆ ಮೂಡಿತು. ನೋಡಿ ಮುಗಿಸಿ, ಅಭ್ಯಾಸ ಎಲ್ಲಿ ಹೋಗುತ್ತದೆ, ಡಬ್ಬಿ ಮುಚ್ಚಿದೆ. ಟಿಕ್.

ವ್ಯಾಪಾರಿಗೆ ನಗು ತಡೆಯಲಾಗಲಿಲ್ಲ. "ಅಬ್ಬಾ, ಈ ಟಿಕ್ಕು ಕೇಳಿ ಎಷ್ಟು ದಿನ ಆಯ್ತು!"

"ಏನು?"

"ಡಬ್ಬಿ ಮುಚ್ಚಿದ್ರೆ ನಿಮಗೆ ಬೇಕು ಅಂತ. ಮೊದಲನೇ ತಿಂಗಳೇ ಗೊತ್ತಾಯ್ತು ನಂಗೆ."

"ಗೊತ್ತಿದ್ದೂ ಅವರ ಜೊತೆ ಅಷ್ಟೊಂದು ಜಗಳ ಆಡ್ತಿದ್ರಾ?"

"ನಂಗೆ ಗೊತ್ತು ಅಂತ ಅವರಿಗೂ ಗೊತ್ತಿತ್ತು. ಒಂದ್ಸಲ ನೀವು ಆಚೆ ಮೇಜಿಗೆ ಹೋದಾಗ ಹೇಳಿದ್ರು. 'ಅವಳಿಗೆ ಹೇಳ್ಬೇಡಿ ಸ್ವಾಮಿ, ಈ ಟಿಕ್ಕಿಗೆ ಅಂತ ನಾನು ವಾರವೆಲ್ಲ ಕಾಯ್ತೀನಿ' ಅಂತ."

ಅತ್ತೆ ಚೀಲದೊಳಗೆ ಏನನ್ನೋ ಹುಡುಕತೊಡಗಿದರು. ಅದರಲ್ಲಿ ಮನೆಯ ಬೀಗದ ಕೈ ಬಿಟ್ಟು ಬೇರೇನೂ ಇರಲಿಲ್ಲ.

ನನಗೆ ಕೋಪ ಬಂತು. ಚೆನ್ನಾಗಿಯೇ ಬಂತು. ಆರು ವರ್ಷ ಇಬ್ಬರೂ ಸೇರಿ ನನ್ನನ್ನು ಆಟ ಆಡಿಸಿದ್ದರು.

"ಹಾಗಿದ್ರೆ ಇಷ್ಟು ವರ್ಷ ನಮ್ಮ ಹತ್ರ ಹೆಚ್ಚಿಗೆ ಕಿತ್ಕೊಂಡಿದ್ದೀರಿ."

"ಹೆಚ್ಚಿಗೆ? ನಿಮ್ಮ ಯಜಮಾನ್ರ ಹತ್ರ? ಕಲ್ಲಲ್ಲಿ ನಾರು ತೆಗೆಯೋ ಮನುಷ್ಯ!"

"ಸರಿ, ತೂಕ ಮಾಡಿ. ಮಾಡೋ ಮೊದಲು ಈ ಅಂಚು ನೋಡಿ. ಯಾರೋ ಕೊಂಡಿ ಕೂರಿಸೋಕೆ ಬೆಸುಗೆ ಹಾಕಿದ್ದಾರೆ. ಉಗುರಿಗೇ ಗೆರೆ ಬೀಳ್ತಿದೆ, ಅದು ಸೀಸ. ಸೀಸಕ್ಕೆ ಬೆಳ್ಳಿ ರೇಟು ನಾನು ಕೊಡಲ್ಲ."

ಅವರು ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿ ನೋಡಿದರು. "ಎಷ್ಟಿದ್ದೀತು? ಇರುವೆ ತಲೆಯಷ್ಟು."

"ಆ ತಲೆಯನ್ನೂ ಕಳೀರಿ."

"ನೋಡ್ರಮ್ಮ," ಎಂದು ಅತ್ತೆಯತ್ತ ತಿರುಗಿದರು, "ಸುಮ್ನೆ ಕೊಟ್ರೆ ಬೇಡ ಅಂತಾರೆ, ಕೊಳ್ಳೋಕೆ ನಿಂತ್ರೆ ಇರುವೆ ತಲೆ ಲೆಕ್ಕ ಹಾಕ್ತಾರೆ!"

"ತೂತಿರೋ ಕಡೆ ಬೆಳ್ಳಿನೇ ಇಲ್ವಲ್ಲಪ್ಪ, ಅದನ್ನೂ ಕಳಿ," ಎಂದರು ಅತ್ತೆ.

"ಅದನ್ನ ತಕ್ಕಡಿಯೇ ಕಳೆದಿದೆ ತಾಯಿ!"

"ತಕ್ಕಡಿ ಯಾರದ್ದು? ನಿಂದೇ ತಾನೆ?"

ವ್ಯಾಪಾರಿ ಧೊಪ್ಪನೆ ಕೂತರು. ಆಮೇಲೆ ನಡೆದದ್ದು ಯುದ್ಧ. ನಾನು ಎದ್ದು ಎರಡು ಮೇಜು ದಾಟಿ ಹೋದೆ. ಅವರು ಕರೆದರು. ವಾಪಸು ಬಂದೆ. ಅವರು ನಾಣ್ಯ ಎತ್ತಿ ತಮ್ಮ ನಾಣ್ಯದ ಡಬ್ಬಿಗೆ ಹಾಕಿದರು. ಅತ್ತೆ ಡಬ್ಬಿಯನ್ನೇ ತಮ್ಮ ಕಡೆ ಎಳೆದುಕೊಂಡರು. ಅಕ್ಕಪಕ್ಕದ ಮೇಜಿನವರು ಕತ್ತು ಉದ್ದ ಮಾಡಿದರು. ಟೀ ಮೇಲೆ ಕೆನೆ ಕಟ್ಟಿತು. ನನ್ನ ಗಂಟಲು ನೋಯುತ್ತಿತ್ತು, ಅಂಗೈ ಬಿಸಿಯಾಗಿತ್ತು.

"ಹಾಳಾಗಿ ಹೋಗ್ಲಿ, ಕೊಡಿ," ಎಂದರು ವ್ಯಾಪಾರಿ ಕೊನೆಗೆ. "ಇಡೀ ಮನೆತನವೇ ಕಂಜೂಸ್!"

ದುಡ್ಡು ಕೊಟ್ಟೆ. ಎರಡೆರಡು ಸಲ ಎಣಿಸಿ, "ಇನ್ನೊಂದು ರೂಪಾಯಿ ಕಮ್ಮಿ ಇದೆ," ಎಂದು ಕೈ ಚಾಚಿದರು. ಆ ರೂಪಾಯಿಯನ್ನು ಖುಷಿಯಾಗಿ ಕೊಟ್ಟೆ.

ಮನೆಯಲ್ಲಿ ಅತ್ತೆಯೇ ನಾಣ್ಯವನ್ನು ಗುಳಿಯಲ್ಲಿ ಕೂರಿಸಿದರು. ತೂತಿನಿಂದ ಕೆಳಗಿನ ಮಖಮಲ್ಲು ಕಂಡಿತು. ಗಡ್ಡದ ರಾಜ ಕೆಂಪು ಕಲ್ಲಿನ ಓಲೆ ಹಾಕಿಕೊಂಡ ಹಾಗಿದ್ದ.

"ಮುಗೀತಾ ಇನ್ನು?" ಎಂದರು.

"ಇವನ ಮಗ ಇದ್ದಾನೆ ಅತ್ತೆ. ಅವನ ನಾಣ್ಯ ಹದಿನೇಳು ವರ್ಷ ಅಚ್ಚಾಗಿದೆ."

"ಅವನಿಗೂ ಗಡ್ಡವಾ?"

"ಮೀಸೆ ಮಾತ್ರ."

ಅತ್ತೆ ಟ್ರೇಯನ್ನು ಬೀರುವಿನೊಳಗೆ ತಳ್ಳಿದರು. "ಹಾಗಾದ್ರೆ ಮುಂದಿನ ಭಾನುವಾರ ಸ್ವಲ್ಪ ಬೇಗ ಹೊರಡೋಣ. ಆ ತಕ್ಕಡಿ ವಿಷಯ ಇವತ್ತು ಪೂರ್ತಿ ಮಾತಾಡೋಕೇ ಆಗ್ಲಿಲ್ಲ."